ಕಪ್ಪತಗುಡ್ಡದ ಗಾಳಿಯೂ ಗದಗ ಸೀಮೆಯ ವಿದ್ಯುಚ್ಛಕ್ತಿಯೂ

ವಿದ್ಯುತ್ತೆಂದರೆ ನಮ್ಮ ಹಳೆಯ ಕವಿಗಳಿಗೆ ಮಿಂಚು. ಮುಗಿಲಿನಲ್ಲಿ ಹುಟ್ಟಿ ಮುಗಿಲಿನಲ್ಲಿಯೇ ಅಡಗುವ, ಮನುಷ್ಯನ ಕೈಗೆ ಸಿಕ್ಕದ ವಸ್ತು. ಆ ಶಬ್ದಕ್ಕೆ ಇಂದಿನ ಅರ್ಥವು ಬಂದುದು ೧೮೩೧ರಲ್ಲಿ ಇಂಗ್ಲೆಂಡಿನ ಫ್ಯಾರಡೆಯು ಅಯಸ್ಕಾಂತದ ಸನ್ನಿಧಿಯಲ್ಲಿ ಚಲಿಸುವ ಲೋಹದಲ್ಲಿ ವಿದ್ಯುತ್ಪ್ರವಾಹವು ಉಂಟಾಗುವುದೆಂದು ತೋರಿಸಿದ ತರುವಾಯವೇ. ಆದರೆ ಶಕ್ತಿಯನ್ನು ಯಾವ ಯಂತ್ರವೂ ಹೊಸದಾಗಿ ಸೃಷ್ಟಿಸಲಾರದು. ಒಂದು ರೂಪದಲ್ಲಿದ್ದುದನ್ನು ಇನ್ನೊಂದು ರೂಪಕ್ಕೆ ತರಬಲ್ಲುದು, ಅಷ್ಟೆ. ಬಿಸಿಲಿನಿಂದ ನೇರವಾಗಿ ವಿದ್ಯುತ್ತನ್ನು ಪಡೆಯುವ ಈಚಿನ ಫಲಕಗಳನ್ನು ಬಿಟ್ಟರೆ, ಎಲ್ಲೆಡೆಯಲ್ಲಿಯೂ ಒಂದು ಚಕ್ರವು ತಿರುಗಲೇಬೇಕು. ಆದುದರಿಂದ ಒಂದು ಸೀಮೆಯ ವಿದ್ಯುತ್ತಿನ ಇತಿಹಾಸವನ್ನು ಅರಸುವುದೆಂದರೆ, ಅಲ್ಲಿಯ ಚಕ್ರವನ್ನು ಯಾವುದು ತಿರುಗಿಸಿತೆಂದು ಅರಸುವುದೇ ಆಗಿದೆ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಈ ಸೀಮೆಯಲ್ಲಿ ಜಲಪಾತವಿಲ್ಲ, ಕಲ್ಲಿದ್ದಲಿಲ್ಲ. ದಕ್ಷಿಣದ ಅಂಚಿನಲ್ಲಿ ಹರಿಯುವ ತುಂಗಭದ್ರೆಯು ಬಯಲಿನ ಹೊಳೆ. ಇಲ್ಲಿಯ ಪ್ರಾಚೀನ ಚಕ್ರವೆಂದರೆ ಎತ್ತು ತಿರುಗಿಸುವ ಗಾಣವೇ. ಪುಲಿಗೆರೆಯೆಂದು ಹೆಸರಾದ ಲಕ್ಷ್ಮೇಶ್ವರ, ಲೊಕ್ಕಿಗುಂಡಿಯಾದ ಲಕ್ಕುಂಡಿ, ಧರ್ಮವೊಳಲಾದ ಡಂಬಳ ಇವು ಶಾಸನಗಳಿಂದ ಪ್ರಸಿದ್ಧವಾದ ಊರುಗಳು. ದೇವರ ನಂದಾದೀವಿಗೆಗೆಂದು ತೆಲ್ಲಿಗರು ಗಾಣವೊಂದಕ್ಕೆ ಇಂತಿಷ್ಟು ಸೊಲ್ಲಗೆ ಎಣ್ಣೆಯನ್ನು ಬಿಟ್ಟುಕೊಡುವುದು ಕನ್ನಡ ಶಾಸನಗಳನ್ನು ಓದಿದವರಿಗೆ ಪರಿಚಿತವಾದ ಮಾತು. ಅಂಥ ಶಾಸನವನ್ನು ಧರ್ಮದ ದಾಖಲೆಯೆಂದು ಮಾತ್ರ ಓದುವುದು ರೂಢಿ. ಅದು ಬೆಳಕಿನ ಲೆಕ್ಕಪತ್ರವೂ ಅಹುದು. ಎಳ್ಳು, ಕುಸುಬೆ, ಎತ್ತಿನ ಹೆಗಲು ಎಲ್ಲವೂ ಅದೇ ಊರಿನವಾಗಿದ್ದುವು.

ಉಗಿಯ ಕಾಲವು ಬಂದಾಗ ಈ ಸ್ವಾವಲಂಬನವು ಮುರಿಯಿತು. ೧೮೮೪ರ ಸುಮಾರಿಗೆ ದಕ್ಷಿಣ ಮರಾಠಾ ರೈಲ್ವೆಯು ಗದಗನ್ನು ಮುಟ್ಟಿತು. ಹತ್ತಿಯ ಪೇಟೆಯು ಬೆಳೆಯಿತು. ಅರಳೆಯನ್ನು ಹಿಂಜಿ ಒತ್ತುವ ಕಾರಖಾನೆಗಳಿಗೂ, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಕಬಲಾಯತಕಟ್ಟಿಯ ಕಡೆ ನಡೆದ ಚಿನ್ನದ ಗಣಿಗಳಿಗೂ ಎತ್ತಿನ ಬಲವು ಸಾಲದಾಯಿತು.

ಅತ್ತ ಮೈಸೂರು ಸಂಸ್ಥಾನದಲ್ಲಿ ೧೯೦೨ರಲ್ಲಿಯೇ ಶಿವನಸಮುದ್ರದ ಕಾವೇರಿಯ ನೀರು ವಿದ್ಯುತ್ತಾಗಿ ಸುಮಾರು ೯೨ ಮೈಲು ದೂರದ ಕೋಲಾರದ ಚಿನ್ನದ ಗಣಿಗಳನ್ನು ಸೇರಿತು; ೧೯೦೫ರಲ್ಲಿ ಬೆಂಗಳೂರಿನ ಬೀದಿಗಳು ಅದರಿಂದ ಬೆಳಗಿದುವು. ಈ ಸೀಮೆಗೆ ಅಂಥ ಭಾಗ್ಯವಿರಲಿಲ್ಲ. ಅದಕ್ಕೆ ಭೂಗೋಳವೊಂದೇ ಕಾರಣವೆನ್ನಲಾಗದು. ಗದಗ, ಮುಂಡರಗಿಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಲಕ್ಷ್ಮೇಶ್ವರ ಮಿರಜದ ಹಿರಿಯ ಶಾಖೆಯದ್ದು. ಒಂದು ದಿನದ ಬಂಡಿಯ ದಾರಿಯೊಳಗೆ ಮೂರು ಆಡಳಿತಗಳು! ವಿದ್ಯುತ್ತಿನ ತಂತಿಗೆ ಗಡಿಯ ಅರಿವಿಲ್ಲ. ಆದರೆ ಕಂಬವನ್ನು ನೆಡುವವರಿಗೆ ಗಡಿಯು ಅಡ್ಡಬರುತ್ತದೆ. ೧೯೪೮ರಲ್ಲಿ ಸಂಸ್ಥಾನಗಳು ವಿಲೀನವಾದುವು. ಅದೇ ವರ್ಷ ಜೋಗದ ವಿದ್ಯುದಾಗಾರವು ಕೆಲಸವನ್ನಾರಂಭಿಸಿತು. ೧೯೫೬ರಲ್ಲಿ ನಾಡು ಒಂದಾಯಿತು. ೧೯೬೪ರಿಂದ ಶರಾವತಿ, ೧೯೮೫ರಿಂದ ರಾಯಚೂರಿನ ಕಲ್ಲಿದ್ದಲು, ೨೦೦೦ದಿಂದ ಕೈಗಾದ ಪರಮಾಣು, ಹೀಗೆ ಒಂದರ ಮೇಲೊಂದು ಮೂಲಗಳು ಸೇರಿದುವು. ಬೆಟಗೇರಿಯ ವಿದ್ಯುತ್ ಮಗ್ಗಗಳು ನಡೆದುದೂ, ಮುಂಡರಗಿ ತಾಲೂಕಿನ ಹಮ್ಮಿಗಿಯಲ್ಲಿ ಸಿಂಗಟಾಲೂರು ಏತ ನೀರಾವರಿಯ ಪಂಪುಗಳು ತುಂಗಭದ್ರೆಯನ್ನು ಮೇಲಕ್ಕೆತ್ತಿದುದೂ ಇಂಥ ಜಾಲದ ಬಲದಿಂದಲೇ. ದೀಪವು ಬಂದಿತು, ನಿಜ. ಆದರೆ ಗಾಣದ ಕಾಲದಂತೆ ಅದು ಊರಿನ ದೀಪವಾಗಿರಲಿಲ್ಲ.

ಊರಿನದೇ ಆದ ಒಂದು ಬಲವು ಮಾತ್ರ ಲೆಕ್ಕಕ್ಕೆ ಬಾರದೆ ಉಳಿದಿತ್ತು. ಕಪ್ಪತಗುಡ್ಡದ ಸಾಲು ಗದಗಿನ ಬಳಿಯಿಂದ ಆಗ್ನೇಯಕ್ಕೆ ತುಂಗಭದ್ರೆಯತ್ತ ಚಾಚಿದೆ. ನೈರುತ್ಯದ ಮುಂಗಾರು ಗಾಳಿಗೆ ಇದು ಸರಿಯಾಗಿ ಅಡ್ಡಲಾಗಿ ನಿಂತಿರುವುದರಿಂದ, ಏರನ್ನು ಹತ್ತುವ ಗಾಳಿಯು ನೆತ್ತಿಯ ಮೇಲೆ ಒತ್ತಾಗಿ ವೇಗಗೊಳ್ಳುತ್ತದೆ. ಗಾಳಿಯ ಬಲವು ವೇಗದ ಘನಕ್ಕೆ ಅನುಗುಣವಾದುದು. ವೇಗವು ಇಮ್ಮಡಿಯಾದರೆ ಬಲವು ಎಂಟುಮಡಿಯಾಗುತ್ತದೆ. ಆದರೂ ಅದನ್ನೆಲ್ಲ ಹಿಡಿಯಲಾಗದು: ನೂರರಲ್ಲಿ ೫೯ ಪಾಲಿಗಿಂತ ಹೆಚ್ಚನ್ನು ಯಾವ ಗಿರಕಿಯೂ ಪಡೆಯಲಾರದೆಂದು ಜರ್ಮನಿಯ ಬೆಟ್ಜ್ ಎಂಬವನು ಗಣಿತದಿಂದ ತೋರಿಸಿದ್ದಾನೆ.

ರೈತನಿಗೆ ಈ ಗಾಳಿಯ ಪರಿಚಯವು ಬೇರೆ ಬಗೆಯದು. ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯ ಗಾಳಿಯು ಜೋಳದ ರಾಶಿಯ ಕಾಲದ ಸೌಮ್ಯವಾದ ಗಾಳಿ. ಆಷಾಢದ ಗಾಳಿಯು ಹುಡುಗರ ಗಾಳಿಪಟಕ್ಕಲ್ಲದೆ ಬೇರಾವುದಕ್ಕೂ ಒದಗುತ್ತಿರಲಿಲ್ಲ. ಸಹ್ಯಾದ್ರಿಯ ಮಳೆನೆರಳಿನ ಈ ನಾಡಿನಲ್ಲಿ ಮೃಗಶಿರ, ಆರಿದ್ರೆಗಳ ಮೋಡವನ್ನು ಹನಿಯುವುದಕ್ಕೆ ಮುಂಚೆಯೇ ಅಟ್ಟಿಕೊಂಡು ಹೋಗುವುದೆಂದು ಅದು ಶಾಪಕ್ಕೆ ಗುರಿಯಾದುದೇ ಹೆಚ್ಚು. ಆ ಶಪಿತ ಗಾಳಿಯೇ ಈಗ ಇಲ್ಲಿಂದ ಹೊರಗೆ ಹೋಗುವ ಸರಕಾಗಿದೆ.

ಕರ್ನಾಟಕ ವಿದ್ಯುತ್ ನಿಗಮವು ಕಪ್ಪತಗುಡ್ಡದಲ್ಲಿ ನಿಲ್ಲಿಸಿದ ಗಿರಕಿಗಳು ೨೦, ೨೨೫ ಕಿಲೋವಾಟಿನವು ೯, ೨೩೦ರವು ೧೧, ಒಟ್ಟು ೪.೫೫೫ ಮೆಗಾವಾಟು. ಇಂದಿನ ದೊಡ್ಡ ಯಂತ್ರಗಳಾದರೆ ಎರಡೇ ಸಾಕು. ತರುವಾಯ ಖಾಸಗಿ ಕಂಪನಿಗಳ ಸಾಲುಗಳು ಗುಡ್ಡದಿಂದ ಎರೆಯ ಬಯಲಿಗೂ ಇಳಿದುವು. ಹಳ್ಳಿಗರು ಇವನ್ನು ‘ಫ್ಯಾನು’ ಎನ್ನುತ್ತಾರೆ. ಮನೆಯ ಫ್ಯಾನು ವಿದ್ಯುತ್ತಿನಿಂದ ಗಾಳಿಯನ್ನು ಮಾಡಿದರೆ ಇದು ಗಾಳಿಯಿಂದ ವಿದ್ಯುತ್ತನ್ನು ಮಾಡುತ್ತದೆ. ಹೆಸರು ತಲೆಕೆಳಗಾದರೂ ‘ಪವನವಿದ್ಯುಜ್ಜನಕ’ಕ್ಕಿಂತ ಅದೇ ಬಾಳುವಂತೆ ತೋರುತ್ತದೆ. ಗಾಳಿಯ ದೊಡ್ಡ ಗುಣವು ಅದರ ಋತುವಿನಲ್ಲಿದೆ. ಜೂನ್ ತಿಂಗಳಿನಲ್ಲಿ ಶರಾವತಿಯ ಲಿಂಗನಮಕ್ಕಿ ಜಲಾಶಯವು ತಗ್ಗಿರುವಾಗಲೇ ಕಪ್ಪತಗುಡ್ಡದ ಗಾಳಿಯು ಬಲಿಯುತ್ತದೆ. ಗಾಳಿಯು ಅಡಗಿದ ಮೇಲೆ ಕಟ್ಟೆಯ ನೀರು ಕೆಲಸಕ್ಕೆ ಬರುತ್ತದೆ. ಒಂದನ್ನೊಂದು ಕಾಯುವ ಈ ಸಂಬಂಧವನ್ನು ಬಿಟ್ಟು ಮೂಲಗಳನ್ನು ಬಿಡಿಬಿಡಿಯಾಗಿ ತೂಗುವವರ ತೀರ್ಮಾನಗಳು ಅಪೂರ್ಣವಾದುವು.

ಆದರೆ ಗಾಳಿಯ ನೆತ್ತಿಯು ಔಷಧಿಸಸ್ಯಗಳ ನೆತ್ತಿಯೂ ಆಗಿದೆ. ರೆಕ್ಕೆಗಳನ್ನು ಮೇಲೆ ಸಾಗಿಸುವುದಕ್ಕೆ ಅಗಲವಾದ ದಾರಿಯನ್ನು ಕಡಿಯಬೇಕು. ಕಡಿದ ಇಳಿಜಾರಿನಲ್ಲಿ ಮಣ್ಣು ಮೊದಲ ಮಳೆಗೇ ಸಡಿಲುತ್ತದೆ. ಗುಡ್ಡವನ್ನು ಉಳಿಸಬೇಕೆಂಬ ಜನರ ಬಹುಕಾಲದ ಒತ್ತಾಯದ ಮೇಲೆ ೨೦೧೯ರಲ್ಲಿ ಅದರ ೨೪೪ ಚದರ ಕಿಲೋಮೀಟರು ವನ್ಯಜೀವಿಧಾಮವಾಯಿತು. ಶಿರಹಟ್ಟಿಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ೨೦೨೪ರಲ್ಲಿ ಆ ಕೆರೆಯು ರಾಮ್ಸಾರ್ ಪಟ್ಟಿಯನ್ನು ಸೇರಿತು. ಹೊಸ ಸಾಲುಗಳನ್ನು ಎಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆಯಲ್ಲಿ ಇವೆರಡನ್ನೂ ಗಾಳಿಯ ವೇಗದಷ್ಟೇ ಎಣಿಸಬೇಕು. ಗಿರಕಿಯ ಆಯುಷ್ಯವು ಇಪ್ಪತ್ತು, ಇಪ್ಪತ್ತೈದು ವರ್ಷ. ಹಳೆಯ ಸಣ್ಣ ಯಂತ್ರಗಳನ್ನು ಕಿತ್ತು ದೊಡ್ಡವನ್ನು ನೆಡುವುದಕ್ಕೆ ಕೇಂದ್ರ ಸರಕಾರವು ೨೦೧೬ರಲ್ಲಿ ಒಂದು ಧೋರಣೆಯನ್ನು ಪ್ರಕಟಿಸಿದೆ. ಹೊಸ ನೆಲವನ್ನು ಅಗೆಯದೆ, ಇಪ್ಪತ್ತು ಯಂತ್ರಗಳ ಕೆಲಸವನ್ನು ಎರಡರಿಂದ ತೆಗೆದುಕೊಂಡು, ಉಳಿದ ಹದಿನೆಂಟು ನೆಲೆಗಳನ್ನು ಗುಡ್ಡಕ್ಕೆ ಹಿಂದಿರುಗಿಸುವುದು ಇದರಿಂದ ಸಾಧ್ಯವಾದೀತು.