ಸೊನ್ನೆಯ ಹಿಂದಿನ ಪಿಸ್ಟನ್: ಬಂಕಿನ ಅಳತೆಯ ಕುರಿತು ಒಂದು ಟಿಪ್ಪಣಿ

‘ಸರ್, ಝೀರೋ ನೋಡ್ಕೊಳ್ಳಿ’ ಎನ್ನುತ್ತಾನೆ ಪೆಟ್ರೋಲ್ ಬಂಕಿನ ಹುಡುಗ. ನಾವೂ ನೋಡುತ್ತೇವೆ. ಆದರೆ ಆ ಪರದೆ ಅಳೆಯುವುದಿಲ್ಲ, ಎಣಿಸುತ್ತದೆ. ಅಳೆಯುವ ಸಾಧನವಿರುವುದು ಕೆಳಗೆ, ತಗಡಿನ ಬಾಗಿಲ ಹಿಂದೆ. ಅಳತೆ ಬೇರೆ, ಎಣಿಕೆ ಬೇರೆ ಎಂಬುದನ್ನು ಮರೆತರೆ ಬಂಕಿನ ತಕರಾರುಗಳು ಬಿಡಿಸಲಾಗದ ಗಂಟಾಗುತ್ತವೆ.

ಸಾಮಾನ್ಯವಾಗಿ ಅಲ್ಲಿರುವುದು ಪಿಸ್ಟನ್ ಮೀಟರು. ಅಂಗಡಿಯವರು ಪಾವಿನಲ್ಲಿ ಅಕ್ಕಿ ಅಳೆದು ಸುರಿಯುವ ಹಾಗೆ, ಗಾತ್ರ ಗೊತ್ತಿರುವ ಸಿಲಿಂಡರುಗಳು ಸರದಿಯಂತೆ ತುಂಬಿ ಬರಿದಾಗುತ್ತವೆ. ಒತ್ತಡದಲ್ಲಿ ಬರುವ ಇಂಧನವೇ ಪಿಸ್ಟನ್ನುಗಳನ್ನು ತಳ್ಳಿ ನಡುವಿನ ದಂಡವನ್ನು ತಿರುಗಿಸುತ್ತದೆ. ಒಂದು ಸುತ್ತಿಗೆ ಅರ್ಧ ಲೀಟರ್ ಕೊಡುವ ಮೀಟರಿನಲ್ಲಿ, ನಿಮಿಷಕ್ಕೆ 40 ಲೀಟರ್ ಹರಿದರೆ ದಂಡ 80 ಸುತ್ತು ಬರುತ್ತದೆ. ನಾಜಲ್ಲನ್ನು ಅರ್ಧ ಒತ್ತಿದರೂ ಪೂರ್ತಿ ಒತ್ತಿದರೂ ಪಾವು ಅದೇ ಪಾವು. ಹರಿವು ಗಳಿಗೆಗೊಮ್ಮೆ ಏರಿಳಿಯುವ ಬಂಕಿಗೆ ಈ ಮೀಟರು ಒಗ್ಗುವುದು ಅದಕ್ಕೇ. ಒಂದೇ ತೊಡಕು, ಪಾವಿನಲ್ಲಿ ಗಾಳಿ ಹೊಕ್ಕರೂ ಅದು ಪೆಟ್ರೋಲಿನ ಲೆಕ್ಕಕ್ಕೇ ಸೇರುತ್ತದೆ. ಮೀಟರಿಗೆ ಮುಂಚೆಯೇ ಗಾಳಿಯನ್ನು ಬೇರ್ಪಡಿಸುವ ಕೋಣೆ ಇಟ್ಟಿರುವುದು ಇದನ್ನು ತಡೆಯಲು.

‘ಹಳೇ ಮೀಟರು, ಕಮ್ಮಿ ಬರುತ್ತೆ’ ಎಂಬ ಮಾತನ್ನು ಇಲ್ಲಿ ಪರೀಕ್ಷಿಸಬೇಕು. ಪಿಸ್ಟನ್ನಿನ ಅಂಚು ಸವೆದರೆ ಸಂದಿಯಲ್ಲಿ ನುಸುಳಿದ ಇಂಧನ ದಂಡವನ್ನು ತಿರುಗಿಸದೆಯೇ ದಾಟಿಹೋಗುತ್ತದೆ. ಎಂದರೆ ಲೆಕ್ಕಕ್ಕೆ ಸಿಗದ ಪೆಟ್ರೋಲು ಗ್ರಾಹಕನ ಟ್ಯಾಂಕಿಗೆ ಬೀಳುತ್ತದೆ. ಬರಿಯ ಈ ಸವೆತದಿಂದ ನಷ್ಟ ಬಂಕಿನವರಿಗೆ, ನಮಗಲ್ಲ. ಅಳತೆ ಕಮ್ಮಿ ಬಂದಾಗ ಯಂತ್ರದ ಮುಪ್ಪನ್ನು ದೂರುವುದಕ್ಕಿಂತ ಗಾಳಿಯನ್ನೋ ಮನುಷ್ಯರ ಕೈಯನ್ನೋ ಶಂಕಿಸುವುದು ಹೆಚ್ಚು ಸಮಂಜಸ ಎಂದು ನನ್ನ ಅನಿಸಿಕೆ.

ಆ ಕೈ ಸೇರಿಕೊಳ್ಳುವ ಜಾಗ ದಂಡದ ತುದಿಯಲ್ಲಿರುವ ಪಲ್ಸರು. ದಂಡದ ತಿರುಗನ್ನು ಅದು ವಿದ್ಯುತ್ ಮಿಡಿತಗಳಾಗಿಸಿ ಪರದೆಗೆ ಕಳಿಸುತ್ತದೆ. ಲೀಟರಿಗೆ 100 ಮಿಡಿತವೆಂದರೆ ಒಂದಕ್ಕೆ 10 ಮಿಲಿಲೀಟರ್. ನಡುವೆ ಕೂತ ಚಿಪ್ಪು ನೂರಕ್ಕೆ ಮೂರು ಮಿಡಿತ ಸೇರಿಸಿದರೆ ಲೀಟರಿಗೆ ಹತ್ತಿರ ಹತ್ತಿರ 30 ಮಿಲಿಲೀಟರ್ ಖೋತಾ. ಆಗಲೂ ಸೊನ್ನೆ ಸೊನ್ನೆಯಾಗಿಯೇ ಶುರುವಾಗುತ್ತದೆ! 2017ರ ಏಪ್ರಿಲ್‌ನಲ್ಲಿ ಲಖನೌದ ಬಂಕುಗಳಲ್ಲಿ ಉತ್ತರ ಪ್ರದೇಶ ಪೊಲೀಸರ ವಿಶೇಷ ಕಾರ್ಯಪಡೆ ಪತ್ತೆಹಚ್ಚಿದ್ದು ಇಂಥ, ರಿಮೋಟಿನಿಂದ ನಡೆಸುವ ಚಿಪ್ಪುಗಳನ್ನೇ.

ಗ್ರಾಹಕ ಕೇಳಿದರೆ ಬಂಕಿನವರು 5 ಲೀಟರಿನ ಅಳತೆ ಪಾತ್ರೆಯಲ್ಲಿ ಹಿಡಿದು ತೋರಿಸಬೇಕು. ಪಾತ್ರೆಯ ಕತ್ತು ಬೇಕೆಂದೇ ಸಪೂರ. ಕೊಂಚ ಹೆಚ್ಚುಕಮ್ಮಿಯಾದರೂ ಅಲ್ಲಿನ ಗೀಟಿನ ಮೇಲೋ ಕೆಳಗೋ ಎದ್ದು ಕಾಣುತ್ತದೆ. 25 ಮಿಲಿಲೀಟರ್‌ವರೆಗಿನ ವ್ಯತ್ಯಾಸಕ್ಕೆ ಮಾಫಿಯುಂಟು. ಮೊದಲು ಒಮ್ಮೆ ತುಂಬಿಸಿ ಬಸಿದು ಒಳಮೈ ಒದ್ದೆ ಮಾಡಿಕೊಳ್ಳಬೇಕು, ಇಲ್ಲವಾದರೆ ಒಣ ಗೋಡೆಗೆ ಅಂಟಿದ ಪೆಟ್ರೋಲು ಕೊರತೆಯಂತೆ ತೋರುತ್ತದೆ.

ಆದರೆ ರಿಮೋಟು ಒತ್ತಿ ಚಿಪ್ಪನ್ನು ಮಲಗಿಸಿದರೆ ಪಾತ್ರೆಯೂ ಗೀಟಿಗೆ ಸರಿಯಾಗಿ ತುಂಬುತ್ತದೆ. ಆಗ ಉಳಿಯುವ ಸಾಕ್ಷಿ ಪಲ್ಸರಿನ ಮುಚ್ಚಳಕ್ಕೆ ತಂತಿ ಪೋಣಿಸಿ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಒತ್ತಿದ ಸೀಲು, ಮತ್ತು ಆ ತಂತಿಯನ್ನು ಬಿಚ್ಚಿ ಮತ್ತೆ ಸುತ್ತಿದ ಗುರುತು ಇದೆಯೋ ಇಲ್ಲವೋ ಎಂಬುದು.