ಮನಸ್ಸಿನ ಗೃಹಪ್ರವೇಶ

ಹೊಸ ಮನೆಯಲ್ಲಿ ಹಾಲು ಉಕ್ಕಿಸಲು ಒಂದು ಗಳಿಗೆ ಸಾಕು. ಅಲ್ಲಿ ಮನಸ್ಸು ನೆಲೆಯೂರಲು ವರ್ಷಗಳೇ ಬೇಕು. ಬೆಂಗಳೂರಿನ ಇತಿಹಾಸವೇ ಇದಕ್ಕೆ ಸಾಕ್ಷಿ.

1898ರ ಆಗಸ್ಟಿನಲ್ಲಿ ಪ್ಲೇಗು ಮಾರಿ ಈ ನಗರವನ್ನು ಹೊಕ್ಕಿತು. ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಗಾಳಿ ಬೆಳಕುಗಳಿಗೂ ಎಡೆಯಿರಲಿಲ್ಲ. ಶೇಷಾದ್ರಿ ಅಯ್ಯರ್ ಅವರ ದಿವಾನಗಿರಿಯ ಆ ಕಾಲದಲ್ಲಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡುವು. ರಸ್ತೆಗಳು ನೇರ, ಅಗಲ. ಮನೆಗಳ ಹಿಂದೆ ನೈರ್ಮಲ್ಯಕ್ಕೆಂದೇ ಬಿಟ್ಟ ಸಂದಿ.

ಪೇಟೆ ಬಿಟ್ಟು ಬಂದವರಿಗೆ ಈ ಬಯಲು ಹೇಗೆ ಒಗ್ಗಿತು? ನನಗೆ ತೋರುವ ಕಾರಣ ಇದು: ಹೊಸ ಬಡಾವಣೆಗೆ ಹಳೆಯ ದೇವರ ಹೆಸರಿತ್ತು. ಮಲ್ಲೇಶ್ವರನ ಗುಡಿಗೆ ಶಿವಾಜಿಯ ಮಲಸಹೋದರ ಏಕೋಜಿ 1669ರಲ್ಲೇ ದತ್ತಿ ಬಿಟ್ಟಿದ್ದ. ನಿವೇಶನಗಳನ್ನು ಜಾತಿವಾರು ಹಂಚಿದ್ದರಿಂದ ಪರಿಚಿತ ನೆರೆಹೊರೆಯೂ ದೊರಕಿತು. ಆದರೆ ಅದರೊಡನೆ ಹಳೆಯ ಗೋಡೆಗಳೂ ಬಂದುವೆಂಬುದನ್ನು ಮರೆಯಲಾಗದು.

ಇವೆಲ್ಲ ಕಳೆದುಹೋದರೆ ಏನಾಗುತ್ತದೆ? ಅಮೆರಿಕದ ಬಾಸ್ಟನ್ನಿನಲ್ಲಿ ವೆಸ್ಟ್ ಎಂಡ್ ಕೇರಿಯನ್ನು ಕೊಳೆಗೇರಿಯೆಂದು ಕೆಡವಿದಾಗ, ಒಕ್ಕಲೆದ್ದವರಲ್ಲಿ ಎಷ್ಟೋ ಮಂದಿ ಆಪ್ತರನ್ನು ಕಳೆದುಕೊಂಡಂತೆ ದುಃಖಿಸಿದರೆಂದು ಮನಶ್ಶಾಸ್ತ್ರಜ್ಞ ಮಾರ್ಕ್ ಫ್ರೀಡ್ 1963ರಲ್ಲಿ ಬರೆದರು. ಅವರು ಕಳೆದುಕೊಂಡದ್ದು ಬರಿಯ ಇಟ್ಟಿಗೆಯನ್ನಲ್ಲ. ದಿನನಿತ್ಯದ ರೂಢಿಯನ್ನು, ಗುರುತಿನ ಮುಖಗಳನ್ನು.

ದೊಡ್ಡಬಳ್ಳಾಪುರದ ಪಕ್ಕದ ಬಾಶೆಟ್ಟಿಹಳ್ಳಿ ಇಂದು ಕಾರ್ಖಾನೆಗಳ ಊರು. ದುಡಿಮೆಯನ್ನು ಅರಸಿ ಬಂದವರಿಗೆ ಇಂಥಲ್ಲಿ ಮನೆ ಕಟ್ಟುವವರು ಚದರಡಿಯೊಡನೆ ಜಗಲಿಯನ್ನೂ ಅರಳಿಕಟ್ಟೆಯನ್ನೂ ಲೆಕ್ಕಕ್ಕೆ ಹಿಡಿಯಲಿ. ನೆರೆಯವರ ದನಿ ಕೇಳದ ಮನೆ ಎಷ್ಟು ವಿಶಾಲವಾದರೂ ಬಿಡಾರವೇ ಹೊರತು ಮನೆಯಲ್ಲ.