ಅರ್ನಿಸ್ ಕೋಲು
ಅರ್ನಿಸ್ ಕೋಲು ಫಿಲಿಪ್ಪೀನ್ಸ್ ದೇಶದ ಅರ್ನಿಸ್ ಎಂಬ ಸಮರಕಲೆಯ ಅಭ್ಯಾಸಕ್ಕೆ ಬಳಸುವ ಬೆತ್ತದ ಕೋಲು. ಎಸ್ಕ್ರಿಮಾ, ಕಾಲಿ ಎಂದೂ ಕರೆಯಲ್ಪಡುವ ಈ ಕಲೆಯನ್ನು ಆ ದೇಶವು 2009ರಲ್ಲಿ ರಾಷ್ಟ್ರೀಯ ಸಮರಕಲೆ ಮತ್ತು ಕ್ರೀಡೆಯೆಂದು ಘೋಷಿಸಿತು. ಕರ್ನಾಟಕದ ದೊಣ್ಣೆವರಸೆಯಂತೆ ಇಲ್ಲಿಯೂ ಕೋಲೇ ಮುಖ್ಯ ಆಯುಧ. ಸಾಮಾನ್ಯವಾಗಿ ಕೋಲಿನ ವರಸೆಗಳನ್ನು ಮೊದಲು, ಬರಿಗೈ ವರಸೆಗಳನ್ನು ಅನಂತರ ಕಲಿಸುತ್ತಾರೆ.

ಕೋಲಿನ ಉದ್ದ ಸುಮಾರು 28 ಅಂಗುಲ. ಟೊಳ್ಳಾದ ಬಿದಿರು ಪೆಟ್ಟಿಗೆ ಸೀಳಿ, ಅದರ ಚೂಪಾದ ಸಿಬಿರು ಎದುರಾಳಿಯ ಕಣ್ಣಿಗೆ ಅಪಾಯ ತರಬಹುದು. ಬೆತ್ತದ ಒಳಭಾಗ ತುಂಬಿರುವುದರಿಂದ ಅದು ಸವೆದಾಗ ನಾರುನಾರಾಗುತ್ತದೆಯೇ ಹೊರತು ಸುಲಭವಾಗಿ ಸೀಳುವುದಿಲ್ಲ. ನಾರೆದ್ದ ಕೋಲನ್ನು ಬದಲಾಯಿಸುವುದು ಕ್ಷೇಮ.

ಸೀತೂರು, ಕೊಪ್ಪ, ಶೃಂಗೇರಿಗಳನ್ನೊಳಗೊಂಡ ಮಲೆನಾಡಿನ ಕಾಡುಗಳಲ್ಲಿಯೂ ಬೆತ್ತ ಬೆಳೆಯುತ್ತದೆ. ಆದರೆ ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಅದನ್ನು ಕಡಿಯುವುದು ಅಪರಾಧವಾದುದರಿಂದ, ಅಭ್ಯಾಸಿಗಳು ಬೆತ್ತದ ಕುರ್ಚಿ, ಬುಟ್ಟಿ ಹೆಣೆಯುವವರಿಂದ ಅಥವಾ ಅಂಗಡಿಗಳಿಂದ ಕೊಳ್ಳುವುದು ಉಚಿತ.